ಸೆಹ್ರಾ, ಬಾಸಿಂಗ ಮತ್ತು ಫುಫ್ಫುವಿನ 11 ತಾಸು

ನಿಕಾಹ್‌ಗೆ ಬೇಕಾಗುವುದು ಬಹಳ ಕಡಿಮೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಬೇಕು, ಸಾಕ್ಷಿಗಳು ಇರಬೇಕು, ಮಹರ್ ಗೊತ್ತಾಗಬೇಕು. ಖಾಜಿ ಸಾಹೇಬರು ಖುತ್ಬಾ ಓದಿ, ಸಹಿ ಹಾಕಿಸಿಕೊಂಡು ಏಳುವಷ್ಟರಲ್ಲಿ ಅರ್ಧ ತಾಸೂ ಆಗಿರುವುದಿಲ್ಲ. ಉಳಿದ ಮೂರು ದಿನ ನಾವು ಮಾಡುವುದೆಲ್ಲ ಅಲಂಕಾರ, ಊಟ, ಹಾಡು ಮತ್ತು ಸ್ವಲ್ಪ ಜಗಳ. ನಾನು ಇಲ್ಲಿ ಬರೆಯುತ್ತಿರುವುದು ಆ ಅಲಂಕಾರದ ಬಗ್ಗೆ. ಅದರಲ್ಲೂ ಬಾಡಿಗೆಗೆ ತರದೆ ಮನೆಯಲ್ಲೇ ಕೂತು ಕೈಯಿಂದ ಮಾಡುವ ಅಲಂಕಾರದ ಬಗ್ಗೆ.

ಈಗಿನ ಹಲ್ದಿ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಹಳದಿ ಪರದೆ, ಪ್ಲಾಸ್ಟಿಕ್ ಚೆಂಡುಹೂವಿನ ಸರ, ನಡುವೆ ಲೈಟು ಹಾಕಿದ ಬೋರ್ಡು. ಗದಗದಲ್ಲಿ ಶನಿವಾರ ಕಟ್ಟಿದ ಪರದೆಯೇ ಸೋಮವಾರ ಮುಂಡರಗಿಯಲ್ಲಿ ಕಾಣುತ್ತದೆ, ಬೋರ್ಡಿನ ಮೇಲಿನ ಹೆಸರು ಮಾತ್ರ ಬದಲಾಗಿರುತ್ತದೆ. ಚಂದ ಇರುವುದಿಲ್ಲ ಅಂತಲ್ಲ. ಆದರೆ ಯಾರ ಮದುವೆ ಎಂದು ಆ ಪರದೆಗೆ ಗೊತ್ತಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ, ಈದ್ ಮುಗಿದ ಮೇಲೆ, ನಮ್ಮ ಆಪಾಳ ಮದುವೆ ಆಯಿತು. ವರನ ಮನೆ ಮುಂಡರಗಿ. ಖಾಲಾ ಇರುವುದು ಶಿರಹಟ್ಟಿಯಲ್ಲಿ, ಫುಫ್ಫು ಲಕ್ಷ್ಮೇಶ್ವರದಲ್ಲಿ, ನಾವು ಬೆಟಗೇರಿಯಲ್ಲಿ. ಈ ನಾಲ್ಕು ಊರಿನ ಹೆಂಗಸರು ಸೇರಿ ಪರದೆ ಬೇಡ ಎಂದು ತೀರ್ಮಾನಿಸಿದರು. ಆ ಹದಿನೈದು ದಿನದಲ್ಲಿ ನಾನು ನೋಡಿ, ಕೇಳಿ, ಕಲಿತದ್ದನ್ನು ಹೇಳುತ್ತೇನೆ.

ಮೊದಲು ಸೆಹ್ರಾ. ವರನ ಹಣೆಯಿಂದ ಎದೆಯವರೆಗೆ ಇಳಿಬಿದ್ದ ಹೂವಿನ ಪರದೆ ಅದು. ಮೇಲೆ ಮೂರು ಬೆರಳು ಅಗಲದ ಪಟ್ಟಿ, ಒಳಗೆ ಗಟ್ಟಿ ಬಕ್ರಂ, ಹೊರಗೆ ಜರಿ ಬಟ್ಟೆ, ಹಿಂದೆ ಕಟ್ಟಲು ಎರಡು ಲಾಡಿ. ಪಟ್ಟಿಯಿಂದ ಹೂವಿನ ಎಳೆಗಳು ಇಳಿಯುತ್ತವೆ. ಅಳತೆ ಸರಿ ಇರದಿದ್ದರೆ ಒಂದೋ ಮೂಗಿಗೆ ಬಂದು ನಿಲ್ಲುತ್ತದೆ, ಇಲ್ಲವೇ ತಟ್ಟೆಯೊಳಗೆ ಬೀಳುತ್ತದೆ. ಮುಂಡರಗಿಯವರು ಅಳತೆ ಕಳಿಸಿದ್ದು ಒಂದು ಲಕೋಟೆಯಲ್ಲಿ: ಬಿಳಿ ದಾರ, ಅದರಲ್ಲಿ ಎರಡು ಗಂಟು. ಮೊದಲ ಗಂಟಿನವರೆಗೆ ತಲೆಯ ಸುತ್ತಳತೆ, ಎರಡನೆಯದರವರೆಗೆ ಹಣೆಯಿಂದ ಎದೆಯ ಉದ್ದ. ಮೊಬೈಲ್‌ನಲ್ಲಿ ಸೆಂಟಿಮೀಟರ್ ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ನಾನು ಕೇಳಿದೆ. ಖಾಲಾ ಆ ದಾರವನ್ನು ಪಟ್ಟಿಯ ಒಳಗೇ ಇಟ್ಟು ಹೊಲಿದುಬಿಟ್ಟರು.

ಹೂವು ಬಂದದ್ದು ಹೂವಿನಹಡಗಲಿಯಿಂದ. ಭೂಗೋಳ ಮರೆತವರಿಗೆ: ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದರೆ ಆಚೆ ಹಡಗಲಿ ತಾಲ್ಲೂಕು. ಈಗ ಅದು ವಿಜಯನಗರ ಜಿಲ್ಲೆ. ಹಂಪಿಯ ಅರಸರ ಕಾಲದಲ್ಲಿ ಇಲ್ಲಿಂದ ಹೊಳೆಯ ಮೇಲೆ ಹೂವು ಹೋಗುತ್ತಿತ್ತು, ಅದಕ್ಕೇ ಊರಿಗೆ ಆ ಹೆಸರು ಎಂದು ಜನ ಹೇಳುತ್ತಾರೆ. ಹಡಗಲಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಹಾಗೆ ಜಿಐ ಮಾನ್ಯತೆಯೂ ಇದೆ. ಬೇಸಿಗೆ ಮದುವೆಯ ಒಂದೇ ಲಾಭ ಇದು: ಬೆವರೂ ಹೆಚ್ಚು, ಮಲ್ಲಿಗೆಯೂ ಹೆಚ್ಚು.

ಮಲ್ಲಿಗೆಯ ಕೆಲಸದಲ್ಲಿ ಎಲ್ಲವೂ ಹೊತ್ತಿನ ಲೆಕ್ಕ. ಬಿಡಿಸುವುದು ಮೊಗ್ಗನ್ನು, ಹೂವನ್ನಲ್ಲ. ಬೆಳಿಗ್ಗೆ ಬಿಡಿಸಿದ ಮೊಗ್ಗು ಸಂಜೆಗೆ ಅರಳುತ್ತದೆ, ಅರಳಿದ ಮೇಲೆ ಸೂಜಿ ತಾಗಿದರೆ ಎಸಳು ಉದುರುತ್ತದೆ. ನಿಕಾಹ್ ಜೊಹರ್ ನಮಾಜಿನ ನಂತರ ಇದ್ದರೆ ಪೋಣಿಸುವ ಕೆಲಸ ಹತ್ತು ಗಂಟೆಯೊಳಗೆ ಮುಗಿಯಬೇಕು. ಮಾಲೆಗಾದರೆ ಬಾಳೆನಾರಿನಲ್ಲಿ ಕಟ್ಟುತ್ತಾರೆ, ಸೆಹ್ರಾದ ಎಳೆ ನೇರವಾಗಿ ಇಳಿಯಬೇಕಾದ್ದರಿಂದ ತೊಟ್ಟಿನ ಮೂಲಕ ಸೂಜಿ ಹಾಯಿಸಿ ಪೋಣಿಸುತ್ತಾರೆ. ನೀರು ನೇರವಾಗಿ ಚಿಮುಕಿಸಬಾರದು, ಎಸಳಿಗೆ ಕಂದು ಕಲೆ ಬೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ನಾವು 21 ಎಳೆ ಮಾಡಿದೆವು. ನಮ್ಮ ಚಿಕ್ಕ ತಮ್ಮ ಎಣಿಸುವ ಕೆಲಸ ತೆಗೆದುಕೊಂಡು ಪ್ರತಿ ಸಲವೂ ಬೇರೆ ಸಂಖ್ಯೆ ಹೇಳಿದ.

ಸೆಹ್ರಾ ಧರ್ಮದ ಭಾಗವಲ್ಲ, ಬರೀ ರಿವಾಜು ಎಂದು ಅದನ್ನು ಬಿಟ್ಟ ಮನೆಗಳೂ ನಮ್ಮಲ್ಲಿವೆ. ಆ ಮಾತು ನಮ್ಮ ಮನೆಯಲ್ಲೂ ಬಂತು. ಕೊನೆಗೆ ದುಲ್ಹಾಭಾಯಿ ಬರುವಾಗ ಕಟ್ಟಿಕೊಂಡು ಬಂದರು, ಖುತ್ಬಾ ಶುರುವಾಗುವ ಮೊದಲು ತೆಗೆದಿಟ್ಟರು. ಇಬ್ಬರು ಚಾಚಾಗಳಿಗೂ ಸಮಾಧಾನ ಆಯಿತು.

ಇನ್ನು ಬಾಸಿಂಗ. ನಮ್ಮ ಹಿಂದೂ ಗೆಳತಿಯರ ಮನೆಯ ಮದುವೆಯಲ್ಲಿ ವಧು-ವರರ ಹಣೆಗೆ ಕಟ್ಟುವುದು ಇದನ್ನೇ. ಹಳೆಯ ಪದ್ಧತಿಯ ಬಾಸಿಂಗವನ್ನು ಬೆಂಡಿನಿಂದ ಮಾಡುತ್ತಾರೆ. ಬೆಂಡು ಎಂದರೆ ಕೆರೆ-ಜೌಗಿನಲ್ಲಿ ಬೆಳೆಯುವ ಗಿಡದ ದಂಟಿನ ಒಳಗಿನ ಬಿಳಿ ತಿರುಳು. ಬಹಳ ಹಗುರ, ಚಾಕುವಿನಿಂದ ಕಾಗದದಷ್ಟು ತೆಳ್ಳಗೆ ಕೊಯ್ಯಬಹುದು. ಅದಕ್ಕೆ ಬಣ್ಣ, ಮಣಿ, ಬೇಗಡೆ. ಲಕ್ಷ್ಮೇಶ್ವರದ ಬಜಾರಿನಲ್ಲಿ ಒಂದೇ ಅಂಗಡಿಯ ಒಂದೇ ಹಗ್ಗಕ್ಕೆ ಬಾಸಿಂಗ ಮತ್ತು ಜರಿ ಸೆಹ್ರಾ ಎರಡೂ ನೇತಾಡುವುದನ್ನು ನೋಡಿದ್ದೇನೆ. ಅಂಗಡಿಯವರು, "ಹಣಿ ಎಲ್ಲಾರದೂ ಒಂದ ಅಳತಿ ಇರತೈತವ್ವ" ಎಂದರು. ಮುಂಡರಗಿಯ ದಾರದ ವಿಷಯ ನಾನು ಅವರಿಗೆ ಹೇಳಲಿಲ್ಲ.

ಸೆಹ್ರಾ ಎಂಬ ಮಾತಿಗೆ ಉರ್ದುವಿನಲ್ಲಿ ಎರಡನೆಯ ಅರ್ಥವೂ ಇದೆ. ಮದುವೆಗಾಗಿ ಬರೆದು ಓದುವ ಪದ್ಯಕ್ಕೂ ಸೆಹ್ರಾ ಎಂದೇ ಹೆಸರು. 1852ರಲ್ಲಿ ದಿಲ್ಲಿಯಲ್ಲಿ ಬಹಾದ್ದೂರ್ ಶಾ ಜಫರ್‌ನ ಮಗ ಮಿರ್ಜಾ ಜವಾನ್ ಬಖ್ತ್‌ನ ಮದುವೆಗೆ ಗಾಲಿಬ್ ಒಂದು ಸೆಹ್ರಾ ಬರೆದರು. ಅದರ ಕೊನೆಯ ದ್ವಿಪದಿ ಬಾದಶಹನ ಕಾವ್ಯಗುರು ಜೌಕ್ ಅವರಿಗೆ ಹಾಕಿದ ಸವಾಲಿನಂತೆ ಕೇಳಿಸಿತು. ಜೌಕ್ ಇನ್ನೊಂದು ಸೆಹ್ರಾ ಬರೆದು ಉತ್ತರ ಕೊಟ್ಟರು. ಆಮೇಲೆ ಗಾಲಿಬ್ ವಿವರಣೆಯ ಪದ್ಯ ಬರೆದು ಸಮಾಧಾನ ಹೇಳಬೇಕಾಯಿತು. ಅಂದರೆ ಮದುವೆ ಮನೆಯ ಜಗಳ ನಮ್ಮಿಂದ ಶುರುವಾದದ್ದಲ್ಲ. ನಮ್ಮ ಕಡೆಗೂ ಹಳೆಯ ಚರಿತ್ರೆ ಇದೆ: ವಿಜಯಪುರದ ಸೂಫಿಗಳ ಪರಂಪರೆಯಲ್ಲಿ ಹೆಂಗಸರು ಬೀಸುವಾಗ ಹಾಡುವ ಚಕ್ಕಿನಾಮಾ ಇದ್ದ ಹಾಗೆ ಮದುವೆಗೆ ಶಾದಿನಾಮಾ ಎಂಬ ದಖನಿ ಹಾಡುಗಳು ಇದ್ದವು.

ಮನೆಮನೆಯ ಸೆಹ್ರಾದಲ್ಲಿ ಕವಿತ್ವಕ್ಕಿಂತ ಹೆಸರುಗಳೇ ಹೆಚ್ಚು. ಅಜ್ಜ, ಮಾಮು, ಚಾಚಾ, ಯಾರನ್ನೂ ಬಿಡುವಂತಿಲ್ಲ. ನಮ್ಮ ಚಾಚಾ ಬರೆದದ್ದರಲ್ಲಿ ಪ್ರಾಸಕ್ಕಾಗಿ ಒಬ್ಬ ಮಾಮುವಿನ ಹೆಸರು ಎರಡು ಸಲ ಬಂತು, ಮೆಚ್ಚುಗೆಯೂ ಅಲ್ಲೇ ಹೆಚ್ಚು ಬಂತು.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಒಡಪು. ನಮ್ಮ ಭಾಗದಲ್ಲಿ ಹೊಸ ಹೆಂಡತಿ ಗಂಡನ ಹೆಸರನ್ನು ಹಾಗೇ ಹೇಳುವಂತಿಲ್ಲ, ಪ್ರಾಸ ಕಟ್ಟಿ ಅದರೊಳಗೆ ಸೇರಿಸಿ ಹೇಳಬೇಕು. ಹೇಳುವವರೆಗೆ ಬಾಗಿಲು ಬಿಡುವುದಿಲ್ಲ. ಆಪಾಳ ಡಿಗ್ರಿ ಗೆಳತಿಯರು ಹಲ್ದಿಯ ದಿನ ಬಾಗಿಲಿಗೆ ಅಡ್ಡ ನಿಂತರು. ಉರ್ದು ಮನೆಯ ಹುಡುಗಿ ಏನು ಹೇಳುತ್ತಾಳೆ ಎಂದು ಅವರ ಲೆಕ್ಕ. ಆಪಾ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ: "ಹಡಗಲಿ ಮಲ್ಲಿಗಿ ಹೊಳಿ ದಾಟಿ ಬಂತು, ಮುಂಡರಗಿ ಅವರ ಹೆಸರು ತುಟಿ ದಾಟಿ ಬಂತು." ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಅವಳು ಗಟ್ಟಿಯಾಗಿಯೇ ಹೇಳಿದಳು, ನಾನಿ ಕಿವಿ ಮುಚ್ಚಿಕೊಂಡು ನಕ್ಕರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಅಂದರೆ ಲೆಕ್ಕಕ್ಕೆ. ಹಲ್ದಿಗೆ ವಧು ಹಾಕುವ ಹೂವಿನ ಒಡವೆಗಳನ್ನು ಫುಫ್ಫು ಸ್ಯಾಟಿನ್ ರಿಬ್ಬನ್ನಿನಲ್ಲಿ ಮಾಡುತ್ತಾರೆ. ಟೀಕಾ, ಝುಮ್ಕಾ, ಸರ, ಎರಡು ಕೈಗೆ ಹಾತ್‌ಫೂಲ್, ಎರಡು ತೋಳಬಂದಿ. ರಿಬ್ಬನ್ನಿನ ಒಂದು ತುದಿ ಮಡಚಿ ಸುತ್ತುತ್ತ ಹೋದರೆ ಗುಲಾಬಿ ಆಗುತ್ತದೆ. ಕತ್ತರಿಸಿದ ಅಂಚನ್ನು ಮೇಣದಬತ್ತಿಯ ಉರಿಗೆ ತೋರಿಸಿ ಎಳೆ ಬಿಚ್ಚದಂತೆ ಮಾಡಬೇಕು. ತೋರಿಸುವುದು ಅಷ್ಟೇ, ಹಿಡಿದರೆ ಕಪ್ಪಾಗುತ್ತದೆ. ಫುಫ್ಫಾ ತೀರಿಕೊಂಡ ಮೇಲೆ ಹೊಲಿಗೆ ಮತ್ತು ಈ ಸೆಟ್ಟುಗಳೇ ಆ ಮನೆಯ ಆದಾಯ. ಒಂದು ಸೆಟ್ಟಿಗೆ 500 ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಸಾಮಾನಿಗೆ 340, ಉಳಿದದ್ದು 160 ಲಾಭ ಎಂದು ಅವರ ಲೆಕ್ಕ.

ಸಾಮಾನಿನ ಲೆಕ್ಕ ಸರಿಯೇ ಇತ್ತು. ರಿಬ್ಬನ್ ಮೂರು ಸುರುಳಿ 120, ಮುತ್ತಿನ ಮಣಿ 90, ಗೋಟಾ 60, ಕೊಂಡಿ ಮತ್ತು ಇಲಾಸ್ಟಿಕ್ 30, ಬಕ್ರಂ 20, ಗ್ಲೂ ಕಡ್ಡಿ 20. ನಾನು ಗಡಿಯಾರ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. 60 ಗುಲಾಬಿ, ಒಂದಕ್ಕೆ ನಾಲ್ಕು ನಿಮಿಷದಂತೆ ನಾಲ್ಕು ತಾಸು. ಮಣಿ ಪೋಣಿಸಲು ಮೂರು, ತಳ ಕತ್ತರಿಸಿ ಹೊಲಿಯಲು ಎರಡು, ಜೋಡಿಸಲು ಎರಡು. ಒಟ್ಟು 11 ತಾಸು. 160ನ್ನು 11ರಿಂದ ಭಾಗಿಸಿದರೆ ತಾಸಿಗೆ 14 ರೂಪಾಯಿ 55 ಪೈಸೆ. 2025–26ಕ್ಕೆ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ, ಎಂಟು ತಾಸಿನ ದಿನ ಎಂದರೆ ತಾಸಿಗೆ 46 ರೂಪಾಯಿ 25 ಪೈಸೆ. ಆ ದರದಲ್ಲಿ 11 ತಾಸಿಗೆ 508 ರೂಪಾಯಿ 75 ಪೈಸೆ. ಸಾಮಾನು ಸೇರಿಸಿದರೆ ಸೆಟ್ಟಿನ ಖರ್ಚೇ 848 ರೂಪಾಯಿ 75 ಪೈಸೆ, ಲಾಭ ಆಮೇಲಿನ ಮಾತು. ಮೇ ತಿಂಗಳಿಗೆ ಅವರ ಹತ್ತಿರ ಒಂಬತ್ತು ಆರ್ಡರ್ ಇದ್ದವು. 99 ತಾಸಿನ ಕೆಲಸ, ಕೈಗೆ ಸಿಗುವುದು 1,440 ರೂಪಾಯಿ.

"ಅರೆ, ಹಾತ್ ಕಾ ಕಾಮ್ ಹೈ ನಾ," ಎಂದರು ಫುಫ್ಫು. ಕೈಕೆಲಸ ತಾನೇ, ಅದಕ್ಕೇನು ಖರ್ಚು ಎಂದು. ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದ ಮೊದಲ ಪಾಠ ನನಗೆ ನೆನಪಾಯಿತು. ಹಣಕ್ಕಾಗಿ ಮಾಡಿದರೆ ಆರ್ಥಿಕ ಚಟುವಟಿಕೆ, ಪ್ರೀತಿಯಿಂದ ಮನೆಯವರಿಗಾಗಿ ಮಾಡಿದರೆ ಆರ್ಥಿಕೇತರ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದರೆ ಸುಲಭ. ಫುಫ್ಫುವಿನ ಮನೆಯಲ್ಲಿ ಅದೇ ಕೈ, ಅದೇ ರಿಬ್ಬನ್, ಅದೇ ಹೊಲಿಗೆ ಮಶೀನಿನ ಮುಂದಿನ ಅದೇ ಬಲ್ಬು. ಆಪಾಳ ಸೆಟ್ಟು ಪ್ರೀತಿ, ಉಳಿದ ಒಂಬತ್ತು ವ್ಯವಹಾರ. ಅವರು ಎಲ್ಲ ಹತ್ತನ್ನೂ ಪ್ರೀತಿಯ ದರದಲ್ಲಿ ಮಾಡುತ್ತಿದ್ದರು. ನೋಟ್‌ಬುಕ್ಕಿನಲ್ಲಿ ತಾಸಿನ ಕಾಲಂ ಹಾಕಿಕೊಟ್ಟೆ. ಆಪಾಳ ಸಾಲಿನಲ್ಲಿ ಅದನ್ನು ತುಂಬಲು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

850 ಎಂದು ಹೇಳಿದ ಮೊದಲ ಗಿರಾಕಿ ಎದ್ದು ಹೋದರು. ಬಜಾರಿನಲ್ಲಿ ರೆಡಿಮೇಡ್ ಸೆಟ್ಟು 600ಕ್ಕೆ ಸಿಗುತ್ತದೆ, ಅವರದ್ದೂ ತಪ್ಪಲ್ಲ. ಆಗ ಫುಫ್ಫು ತಾವೇ ಒಂದು ದಾರಿ ಹುಡುಕಿದರು. ಟೀಕಾ, ಝುಮ್ಕಾ ಮತ್ತು ಹಾತ್‌ಫೂಲ್ ಮಾತ್ರದ ಸಣ್ಣ ಸೆಟ್ಟು: ಸಾಮಾನು 150, ಐದು ತಾಸು, ಬೆಲೆ 400. ತಾಸಿಗೆ 50 ಬೀಳುತ್ತದೆ. ದೊಡ್ಡ ಸೆಟ್ಟನ್ನು 850ಕ್ಕೆ ಕಡಿಮೆ ಕೊಡುವುದಿಲ್ಲ, ಆದರೆ ಅದಕ್ಕೆ ಬಜಾರಿನಲ್ಲಿ ಸಿಗದ ಒಂದನ್ನು ಸೇರಿಸಿದರು. ವಧುವಿನ ತಾಯಿಯ ಮದುವೆಯ ಸೀರೆಯಿಂದ ಒಂದು ಗೇಣು ಅಂಚು ತಂದುಕೊಟ್ಟರೆ ಗುಲಾಬಿಯ ನಡುವಿನ ಮೊಗ್ಗು ಅದರಲ್ಲಿ ಮಾಡುತ್ತಾರೆ. ಇಳಕಲ್ ಅಂಚು ಬಂದಿದೆ, ಬನಾರಸಿ ಬಂದಿದೆ. ಬೆಟಗೇರಿಯ ಮಗ್ಗದ ಸೀರೆಯ ಅಂಚು ಬಂದಾಗ, ನೇಕಾರರ ಓಣಿಯ ನಮಗೆ ಒಳಗೊಳಗೇ ಹೆಮ್ಮೆ. ಒಬ್ಬರು ಕಸೂತಿ ಇದ್ದ ಸೆರಗನ್ನೇ ತಂದಿದ್ದರು. ಗಂಟಿಲ್ಲದೆ, ಎರಡೂ ಬದಿ ಒಂದೇ ಥರ ಕಾಣುವ ಆ ಹೊಲಿಗೆಗೆ ಕತ್ತರಿ ಹಾಕಲು ಫುಫ್ಫುವಿಗೆ ಮನಸ್ಸಾಗಲಿಲ್ಲ, ವಾಪಸ್ ಕಳಿಸಿ ರಿಬ್ಬನ್ನಿನಲ್ಲೇ ಮಾಡಿಕೊಟ್ಟರು.

ಕೈಕೆಲಸಕ್ಕೆ ಹೆಸರು ಬಂದರೆ ಬೆಲೆಯೂ ಬರುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಶಿರಹಟ್ಟಿ, ಮುಂಡರಗಿ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರು ಕನ್ನಡಿ, ಕವಡೆ ಹಚ್ಚಿ ಹೊಲಿದ ಉಡುಪನ್ನು ಮದುವೆಗೆಂದು ಕಾಪಾಡಿಟ್ಟಿರುತ್ತಾರೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಫುಫ್ಫುವಿನ ಸೆಟ್ಟಿಗೆ ಅಷ್ಟೆಲ್ಲ ಬೇಕಿಲ್ಲ, ಸದ್ಯಕ್ಕೆ ಒಂದು ಬಿಲ್ ಬುಕ್ ಸಾಕು ಎಂದು ಅಬ್ಬಾ ಹೇಳಿದರು. ಗದಗ ಮುದ್ರಣಕ್ಕೆ ಹೆಸರಾದ ಊರು, ಮದುವೆ ಕಾರ್ಡು ಹಾಕಿಸಿದ ಪ್ರೆಸ್ಸಿನಲ್ಲೇ ಅದನ್ನೂ ಹಾಕಿಸಿದೆವು. ಮೇಲೆ ಕನ್ನಡ, ಕೆಳಗೆ ಉರ್ದು, ನಡುವೆ ಮೂರು ಕಾಲಂ: ಸಾಮಾನು, ತಾಸು, ಮೊತ್ತ.

ಮೊದಲ ಬಿಲ್ಲು ಹರಿದದ್ದು ಶಿರಹಟ್ಟಿಯ ಖಾಲಾ ಹೆಸರಿಗೆ, ಅವರ ನಾದಿನಿಯ ಮಗಳ ಹಲ್ದಿಗೆ ದೊಡ್ಡ ಸೆಟ್ಟು. ಖಾಲಾ 50 ರೂಪಾಯಿ ಬಿಡು ಎಂದರು, ಫುಫ್ಫು 20 ಬಿಟ್ಟರು. ತಾಸಿನ ಕಾಲಂನಲ್ಲಿ 11 ಎಂದು ನಾನೇ ಬರೆದೆ.