ಪಠ್ಯಕ್ರಮ ಬದಲಾದರೆ ಹಳೆ ಬ್ಯಾಚಿನವರ ಗತಿ ಏನು?

ಕಾಸರಗೋಡು: 2024ರಲ್ಲಿ ಗಡಿಯ ಎರಡೂ ಕಡೆ ಪದವಿ ಪಠ್ಯಕ್ರಮ ಬದಲಾಯಿತು, ಅದೂ ವಿರುದ್ಧ ದಿಕ್ಕಿಗೆ. ಕಣ್ಣೂರು ಸೇರಿದಂತೆ ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷದ ಪದವಿ ಆರಂಭವಾಯಿತು. ಕರ್ನಾಟಕವು 2021ರಲ್ಲಿ ತಂದ ನಾಲ್ಕು ವರ್ಷದ ಕ್ರಮವನ್ನು ಬಿಟ್ಟು ಮೂರು ವರ್ಷಕ್ಕೆ ಮರಳಿತು.

ಹೊಸ ಪಠ್ಯಕ್ರಮವನ್ನು ಆಯಾ ವಿಷಯದ ಅಧ್ಯಯನ ಮಂಡಳಿ ಸಿದ್ಧಪಡಿಸುತ್ತದೆ. ಅಕಾಡೆಮಿಕ್ ಕೌನ್ಸಿಲ್ ಒಪ್ಪಿಗೆ ನೀಡುತ್ತದೆ. ಸಾಮಾನ್ಯವಾಗಿ ಅದು ಹೊಸದಾಗಿ ಸೇರುವವರಿಗೆ ಮಾತ್ರ ಅನ್ವಯ. ಕರ್ನಾಟಕದಲ್ಲಿಯೂ 2024ಕ್ಕೆ ಮೊದಲು ಸೇರಿದವರು ತಮ್ಮ ಹಳೆ ಕ್ರಮದಲ್ಲೇ ಮುಂದುವರಿದರು. ಹೀಗಾಗಿ ಕೆಲವು ವರ್ಷ ಒಂದೇ ಕಾಲೇಜಿನಲ್ಲಿ ಎರಡು ಪಠ್ಯಕ್ರಮ ನಡೆಯುತ್ತವೆ.

ತೊಂದರೆಯಾಗುವುದು ಪೇಪರ್ ಬಾಕಿ ಉಳಿಸಿಕೊಂಡವರಿಗೆ. ಹಳೆ ಪಠ್ಯದ ಪಾಠ ನಿಂತಿರುತ್ತದೆ, ಪರೀಕ್ಷೆಯೂ ಎಷ್ಟೋ ವರ್ಷ ನಡೆಯುವುದಿಲ್ಲ. ಅವಕಾಶ ಇರುವಾಗಲೇ ಬರೆದು ಮುಗಿಸುವುದು ಲೇಸು. ನಡುವೆ ಕಾಲೇಜು ಬಿಟ್ಟು ಮತ್ತೆ ಸೇರುವವರು ಯಾವ ಪಠ್ಯಕ್ರಮಕ್ಕೆ ಸೇರುತ್ತೇವೆ ಎಂದು ಮೊದಲೇ ಕೇಳಬೇಕು.

ಗಡಿ ದಾಟಿ ಓದುವವರು ಇನ್ನೊಂದನ್ನು ಗಮನಿಸಬೇಕು. ಕೇರಳದಲ್ಲಿ 133 ಕ್ರೆಡಿಟ್ ಪಡೆದು ಮೂರು ವರ್ಷಕ್ಕೇ ಪದವಿಯೊಂದಿಗೆ ಹೊರಬರಬಹುದು. ನಾಲ್ಕು ವರ್ಷದ ಆನರ್ಸ್‌ಗೆ 177 ಕ್ರೆಡಿಟ್ ಬೇಕು. ಮೂರು ವರ್ಷದವರಿಗೆ ಎಂ.ಎ. ಎರಡು ವರ್ಷ. ಆನರ್ಸ್ ಆದವರಿಗೆ ಒಂದು ವರ್ಷದ ಎಂ.ಎ.ಗೆ ಯುಜಿಸಿ ಅವಕಾಶ ಕೊಟ್ಟಿದೆ. ಆದರೆ ಮುಂದೆ ಸೇರುವ ವಿಶ್ವವಿದ್ಯಾನಿಲಯದಲ್ಲಿ ಆ ಕೋರ್ಸ್ ಇದೆಯೇ, ನಮ್ಮ ಪದವಿಗೆ ಅಲ್ಲಿ ಮಾನ್ಯತೆ ಇದೆಯೇ ಎಂದು ತಿಳಿದ ಮೇಲೆಯೇ ನಾಲ್ಕನೇ ವರ್ಷದ ಶುಲ್ಕ ಕಟ್ಟಿ. ಸೇರಿದ ವರ್ಷದ ಪಠ್ಯಕ್ರಮದ ಪ್ರತಿಯನ್ನು ಅಂಕಪಟ್ಟಿಯಷ್ಟೇ ಜೋಪಾನವಾಗಿಡಿ. ಮಾನ್ಯತಾ ಪತ್ರಕ್ಕೆ ಅದನ್ನು ಕೇಳುವುದುಂಟು.