ಹಾಳೆಯ ತಟ್ಟೆಯೂ ತೋಟದ ಋಣವೂ

ಬಿಸಿಲು ಬಲಿಯತೊಡಗಿದಾಗ ಮಲೆನಾಡಿನ ಅಡಿಕೆ ತೋಟಗಳಲ್ಲಿ ಹಣ್ಣಾದ ಸೋಗೆಯು ತನ್ನ ಬುಡದ ಹಾಳೆಯೊಡನೆ ಕಳಚಿ, ತರಗೆಲೆಯ ಮೇಲೆ ದೊಪ್ಪೆಂದು ಬೀಳುವುದುಂಟು. ಮರವೊಂದಕ್ಕೆ ವರುಷಕ್ಕೆ 5-6 ಹಾಳೆ, ಎಕರೆಗೆ ಸುಮಾರು 550 ಮರ ಎಂದೆಣಿಸಿದರೆ, 3000ದಷ್ಟು ಹಾಳೆಗಳು ಕೇಳದೆಯೇ ಕೈಸೇರುವುವು. ನಮ್ಮ ಹಿರಿಯರು ಇದನ್ನು ವ್ಯರ್ಥಗೊಳಿಸಿದವರಲ್ಲ. ತುಳುನಾಡಿನ ಬೇಸಾಯಗಾರನ ತಲೆಯ ಮುಟ್ಟಾಳೆ, ಹಸುಗೂಸನ್ನು ಎಣ್ಣೆ ಹಚ್ಚಿ ಮಲಗಿಸಿ ಮೀಯಿಸುವ ಹಾಸು, ಕೊಳೆರೋಗದಿಂದ ಅಡಿಕೆಗೊನೆಯನ್ನು ಕಾಪಾಡಲು ಮಳೆಗಾಲಕ್ಕೆ ಮುನ್ನ ಕಟ್ಟುತ್ತಿದ್ದ ಕೊಟ್ಟೆ, ಎಲ್ಲಕ್ಕೂ ಅದು ಒದಗುತ್ತಿತ್ತು. ಮಿಕ್ಕದ್ದು ಮರದ ಬುಡದಲ್ಲಿಯೇ ಕೊಳೆತು ಗೊಬ್ಬರವಾಗುತ್ತಿತ್ತು.

ಅದೇ ಹಾಳೆಯಿಂದು ತಟ್ಟೆಯಾಗಿ ಪಟ್ಟಣದ ಮದುವೆಮನೆಗಳಿಗೂ ಕಡಲಾಚೆಯ ಭೋಜನಶಾಲೆಗಳಿಗೂ ಪಯಣಿಸುತ್ತಿದೆ. ಒಣಗಿದ ಹಾಳೆಯನ್ನು ತೊಟ್ಟಿಯ ನೀರಿನಲ್ಲಿ ನೆನೆಯಿಟ್ಟು, ಉಜ್ಜಿ ಮಣ್ಣು ತೆಗೆದು, ನೀರಿಳಿದರೂ ಇನ್ನೂ ಬಾಗುವಷ್ಟು ತೇವವುಳಿದಿರುವಾಗಲೇ ಕಾದ ಅಚ್ಚುಗಳ ನಡುವೆ ಇರಿಸಿ ಒತ್ತಿದರೆ, ಹಬೆಯೊಡನೆ ಬೆಂದ ನಾರಿನ ಕಂಪೂ ಏಳುತ್ತ, ಅಂಚೆದ್ದ ತಟ್ಟೆಯೊಂದು ಸ್ವಲ್ಪ ಹೊತ್ತಿನಲ್ಲಿ ಸಿದ್ಧವಾಗುವುದು. ಅಂಟಿಲ್ಲ, ಮೇಣವಿಲ್ಲ, ಬಣ್ಣವಿಲ್ಲ. ಹಾಳೆಯ ಸಹಜ ರೇಖೆಗಳೇ ಅದಕ್ಕೆ ಅಲಂಕಾರ. ಶ್ರಮವಿರುವುದು ಯಂತ್ರದ ಬಳಿಯಲ್ಲಲ್ಲ, ಸಂಗ್ರಹಣೆಯಲ್ಲಿ. ಬಿದ್ದುದನ್ನು ತೋಟದ ತಂಪಿನಲ್ಲಿಯೇ ಬಿಟ್ಟರೆ, ಅಥವಾ ಒಣಗಿಸುವಾಗ ಒಂದು ಮಳೆ ತಾಕಿದರೆ, ಬೂಷ್ಟಿನ ಕರಿಚುಕ್ಕೆ ಮೂಡಿ ಹಾಳೆ ಕೆಲಸಕ್ಕೆ ಬಾರದಾಗುವುದು. ಆದುದರಿಂದ ಈ ಉದ್ಯಮವೆಲ್ಲವೂ ಬೇಸಗೆಯಲ್ಲಿ ಹಾಳೆ ಹೆಕ್ಕುವವರ ಬೆನ್ನಿನ ಮೇಲೆ ನಿಂತಿದೆಯೆಂದೂ, ಅವರಿಗೆ ಸಲ್ಲುವ ಕೂಲಿಯನ್ನು ಮರೆತು ಪರಿಸರದ ಮಾತಾಡುವುದು ಅನ್ಯಾಯವೆಂದೂ ನಾನು ದೃಢವಾಗಿ ನಂಬಿದ್ದೇನೆ.

ಕರ್ನಾಟಕವು 2016ರಲ್ಲಿಯೂ, ಭಾರತ ಸರಕಾರವು 2022ರ ಜುಲೈ 1ರಿಂದಲೂ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿದುದು ಈ ಕಸುಬಿಗೆ ಬಲ ಕೊಟ್ಟಿತು. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯ ಆಲ್ಕಲಾಯ್ಡುಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದೆಂದು ಶಂಕಿಸಿ ಇಂಥ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಇದಕ್ಕೆ ಕೋಪ ಉತ್ತರವಲ್ಲ. ಬಿಸಿ ಸಾರು, ಹುಳಿ, ಎಣ್ಣೆ ಬಿದ್ದಾಗ ತಟ್ಟೆಯಿಂದ ಏನು ಎಷ್ಟು ಇಳಿಯುವುದೆಂಬುದನ್ನು ನಮ್ಮ ಪ್ರಯೋಗಾಲಯಗಳೇ ಅಳೆದು, ಫಲಿತಾಂಶವನ್ನು ಬಚ್ಚಿಡದೆ ಜನರ ಮುಂದಿಡತಕ್ಕದ್ದು. ನಮ್ಮ ಮಕ್ಕಳೂ ಅದೇ ತಟ್ಟೆಯಲ್ಲಿ ಉಣ್ಣುತ್ತಾರಷ್ಟೆ.

ಆದರೆ ನನ್ನನ್ನು ಇದಕ್ಕಿಂತ ಹೆಚ್ಚಾಗಿ ಕಾಡುವುದು ಮಣ್ಣಿನ ಲೆಕ್ಕ. ತಟ್ಟೆ ಮಣ್ಣಾಗುವುದೆಂದು ಎಲ್ಲರೂ ಹೊಗಳುವರು. ಯಾವ ಮಣ್ಣಾಗುವುದೆಂದು ಕೇಳುವವರು ವಿರಳ. ಬೆಂಗಳೂರಿನ ಕಸದ ರಾಶಿಯಲ್ಲಿ ಕರಗಿದ ಹಾಳೆಯು ಮಲೆನಾಡಿನ ಸಾಗರದ ತೋಟಕ್ಕೆ ಮರಳದು. ಬುಡವನ್ನು ಮುಚ್ಚಿ ತೇವ ಕಾಯುತ್ತಿದ್ದ ಹೊದಿಕೆಯೂ ಮರಕ್ಕೆ ಸಲ್ಲಬೇಕಾಗಿದ್ದ ಸಾರವೂ ಲಾರಿಯೇರಿ ಹೋದ ಮೇಲೆ, ಆ ಕೊರತೆಯನ್ನು ತೋಟದವನು ಚೀಲದ ಗೊಬ್ಬರದಿಂದ ತುಂಬುವುದಾದರೆ, ಉಳಿಸಿದೆವೆಂದುಕೊಂಡ ಪರಿಸರದಲ್ಲಿ ಒಂದು ಪಾಲನ್ನು ಮತ್ತೊಂದೆಡೆ ಕಳೆದಂತೆಯೇ. ಇದನ್ನು ಸರಿದೂಗಿಸುವ ದಾರಿಯಿಲ್ಲದಿಲ್ಲ. ಉದ್ದನೆಯ ಹಾಳೆಯಿಂದ ದುಂಡು ತಟ್ಟೆಯನ್ನು ಕತ್ತರಿಸಿದಾಗ ತುಂಡುಗಳು ಧಾರಾಳವಾಗಿ ಉಳಿಯುವುವು. ಅವು ದನಗಳಿಗೆ ಮೇವು, ಎರೆಹುಳುವಿನ ಗುಂಡಿಗೆ ಆಹಾರ. ಒತ್ತುವ ಯಂತ್ರವು ಊರಿನಲ್ಲಿಯೇ ಇದ್ದರೆ ಅವು ಮರುದಿನವೇ ತೋಟದ ಗುಂಡಿಯನ್ನು ಸೇರಬಲ್ಲವು. ದೂರದ ಪೇಟೆಯಲ್ಲಿದ್ದರೆ ಅವೂ ಕಸವೇ. ಸೋಗೆಯನ್ನಾದರೂ ಮಾರದೆ ಕೊಚ್ಚಿ ಬುಡಕ್ಕೆ ಹಾಸಬೇಕು. ಸಾಲ, ಸಹಾಯಧನಗಳನ್ನು ಹಂಚುವವರು ದಿನಕ್ಕೆ ಎಷ್ಟು ತಟ್ಟೆ ಬರುವುದೆಂದು ವಿಚಾರಿಸುವಂತೆಯೇ, ಯಂತ್ರವು ತೋಟದಿಂದ ಎಷ್ಟು ದೂರದಲ್ಲಿದೆಯೆಂದೂ ವಿಚಾರಿಸಲಿ.