ಯಾರಿಗೆ ಯಾವ ಪರಿಮಳ?

ಕಾರ್ತಿಕ ಮಾಸದ ಒಂದು ಸೋಮವಾರ ನಾವು ಕುಟುಂಬಸಮೇತರಾಗಿ ಮದ್ದೂರಿಗೆ ಸಮೀಪದ ವೈದ್ಯನಾಥಪುರಕ್ಕೆ ಹೋಗಿದ್ದೆವು. ಶಿಂಷಾ ನದಿಯ ದಡದಲ್ಲಿ ನೆಲೆಸಿರುವ ಶ್ರೀ ವೈದ್ಯನಾಥೇಶ್ವರನ ದರ್ಶನ ಮುಗಿಸಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾಗ ನನ್ನ ತಮ್ಮನ ಮಗಳು ಕೈಚೀಲದಿಂದ ಹೆಬ್ಬೆರಳ ಗಾತ್ರದ ಸೆಂಟಿನ ಸೀಸೆಯೊಂದನ್ನು ಹೊರತೆಗೆದಳು. ಕಾಲೇಜಿನಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ಹುಡುಗಿ ಅವಳು.

"ಅತ್ತೆ, ಒಂದು ಆಟ ಆಡೋಣ. ನಾನು ಕಥೆಯೊಳಗಿನ ಒಬ್ಬರ ಹೆಸರು ಹೇಳ್ತೀನಿ. ಅವರ ಸ್ವಭಾವಕ್ಕೆ ಯಾವ ಪರಿಮಳ ಒಪ್ಪುತ್ತೆ ಅಂತ ನೀವು ಹೇಳಬೇಕು" ಎಂದಳು.

ಪಕ್ಕದಲ್ಲಿ ನಮ್ಮ ದೊಡ್ಡಮ್ಮ ಕುಳಿತಿದ್ದರು. ಅವರಿಗೆ ಎಂಬತ್ತರ ಮೇಲೆ ಮೂರು ವರ್ಷ. ದೇವಸ್ಥಾನದ ಮುಂದೆ ಕೊಂಡ ಮಲ್ಲಿಗೆಯನ್ನು ಹೆಂಗಸರೆಲ್ಲ ಹಂಚಿಕೊಂಡು ಮುಡಿದಿದ್ದರು. ದೊಡ್ಡಮ್ಮನ ಹಣೆಯ ಮೇಲೆ ವಿಭೂತಿ ಮಾತ್ರವಿತ್ತು.

ಆಟ ಮೊದಲಾದದ್ದು ಯೋಜನಗಂಧಿಯಿಂದ. ಇಲ್ಲಿ ನಾವು ಆಯ್ಕೆ ಮಾಡುವ ಪ್ರಮೇಯವೇ ಇಲ್ಲ. ಮೀನಿನ ವಾಸನೆಯಿಂದ ಮತ್ಸ್ಯಗಂಧಿ ಎನಿಸಿಕೊಂಡಿದ್ದ ಸತ್ಯವತಿಗೆ ಪರಾಶರರ ವರದಿಂದ ಒಂದು ಯೋಜನ ದೂರಕ್ಕೂ ಹರಡುವ ಕಂಪು ಬಂದಿತೆಂದು ಮಹಾಭಾರತವೇ ಹೇಳುತ್ತದೆ. "ಆ ಕಂಪು ಅವಳಿಗೆ ಬೇಕಿತ್ತೇ, ಋಷಿಗೆ ಬೇಕಿತ್ತೇ?" ಎಂದು ಹುಡುಗಿ ಪಟ್ಟು ಹಿಡಿದಳು. ವರ ಕೇಳಿದವಳು ಸತ್ಯವತಿಯೇ ಎಂದು ನಾನು ನೆನಪಿಸಿದೆ. ದೊಡ್ಡಮ್ಮ ಮಾತ್ರ, "ದೋಣಿ ನಡೆಸಿ ಅನ್ನ ತಿಂದೋಳಿಗೆ ಮೀನಿನ ವಾಸನೆ ಏನವ್ವ ನಾಚಿಕೆ?" ಎಂದರು.

ಅನಂತರ ರಾಘವಾಂಕನ ಹರಿಶ್ಚಂದ್ರಕಾವ್ಯ ಬಂದಿತು. ಹರಿಹರ ಕವಿಯ ಸೋದರಳಿಯನಾದ ರಾಘವಾಂಕನ ಈ ಷಟ್ಪದಿ ಕಾವ್ಯ ನಮ್ಮ ಮನೆಗಳಿಗೆ ಹೊಸದಲ್ಲ. ಹುಡುಗಿ ಹರಿಶ್ಚಂದ್ರನಿಗೆ ಶ್ರೀಗಂಧವನ್ನು ಕೊಟ್ಟಳು. ನಾನು ಒಪ್ಪಲಿಲ್ಲ. ಸುಡುಗಾಡು ಕಾದ ಅರಸನ ಮೈಗೆ ಹತ್ತಿದ್ದು ಹೊಗೆಯ ವಾಸನೆ. ಅದನ್ನು ಅವನಿಂದ ಕಿತ್ತುಕೊಂಡರೆ ಅವನ ಸತ್ಯಕ್ಕೆ ತೂಕವೆಲ್ಲಿ? ಶ್ರೀಗಂಧ ಸಲ್ಲಬೇಕಾದದ್ದು ಚಂದ್ರಮತಿಗೆ. ಗಂಧದ ಮರದ ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ; ಹೊರಗಿನ ಬಿಳಿಯ ಭಾಗದಲ್ಲಿ ಪರಿಮಳ ಇಲ್ಲವೆಂದೇ ಹೇಳಬೇಕು. ಚೇಗು ಬಲಿಯಲು ಹಲವಾರು ವರ್ಷಗಳು ಬೇಕು. ಪರರ ಮನೆಗೆ ಮಾರಾಟವಾಗಿ, ಹಾವು ಕಚ್ಚಿದ ಮಗನ ಹೆಣವನ್ನು ಹೊತ್ತು ಬಂದ ತಾಯಿಯ ಒಳಗಟ್ಟಿತನಕ್ಕೆ ಅದಕ್ಕಿಂತ ಹತ್ತಿರದ ಹೋಲಿಕೆ ನನಗೆ ತೋಚದು.

ಗಂಧದ ಮಾತು ಬಂದ ಮೇಲೆ ಮೈಸೂರನ್ನು ಬಿಡಲಾದೀತೇ? ಮೊದಲ ಮಹಾಯುದ್ಧದಿಂದಾಗಿ ಯೂರೋಪಿಗೆ ಗಂಧದ ಕೊರಡು ಸಾಗಿಸುವುದು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಮೈಸೂರಿನಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆ ಆರಂಭವಾಯಿತು. ಸುಗಂಧ ತಯಾರಿಸುವವರು ಗಂಧದೆಣ್ಣೆಯನ್ನು ಮೆಚ್ಚುವುದು ಅದರ ವಾಸನೆಗೆ ಮಾತ್ರವಲ್ಲ. ನಿಂಬೆ, ಕಿತ್ತಳೆಗಳ ಪರಿಮಳ ಕ್ಷಣದಲ್ಲಿ ಹಾರಿಹೋಗುತ್ತದೆ. ಗಂಧದೆಣ್ಣೆ ತಾನು ನಿಧಾನವಾಗಿ ಆರುತ್ತ, ಜೊತೆಗಿರುವ ಬೇರೆ ಪರಿಮಳಗಳನ್ನೂ ಹಿಡಿದಿಡುತ್ತದೆ. ಒಂದು ಮನೆಯಲ್ಲಿ ಅಂಥವರೊಬ್ಬರಿದ್ದರೆ ಸಾಕು.

ಹೀಗೆ ಆಳಿಗೆ ತಕ್ಕ, ಕಾಲಕ್ಕೆ ತಕ್ಕ ಸುಗಂಧವನ್ನು ಹುಡುಕುವುದು ಇಂದಿನ ಚಪಲವೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಋತುವಿಗೆ ತಕ್ಕ ಲೇಪನಗಳ ವಿವರವಿದೆ.

ಕೇದಗೆ ಯಾರಿಗೆ ಎಂಬಲ್ಲಿ ದೊಡ್ಡ ವಾದವೇ ಆಯಿತು. ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ನುಡಿದುದರಿಂದ ಶಿವಪೂಜೆಗೆ ಸಲ್ಲದಾದ ಹೂವೆಂದು ಪುರಾಣದ ಕಥೆ. ಆದುದರಿಂದ ಶಕುನಿಗೆ ಕೊಡಬೇಕೆಂದು ನನ್ನ ತಮ್ಮ ಹೇಳಿದ. ಕೇದಗೆಯನ್ನು ಜಡೆಯಲ್ಲಿಟ್ಟು ಹೆಣೆಸಿಕೊಂಡು ಬೆಳೆದ ನನಗೆ ಇದು ಅನ್ಯಾಯವೆನಿಸಿತು. ಮುಳ್ಳಿನ ಗರಿಗಳ ನಡುವೆ ಹುದುಗಿ, ಮುಟ್ಟಹೋದವರ ಕೈ ಗೀರುವ ಆ ಕಂಪನ್ನು ನಾನು ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯ ಸುಬ್ಬಮ್ಮನಿಗೆ ಕೊಟ್ಟೆ. ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ದೊಡ್ಡ ಮನೆ ಹೊಕ್ಕ ಆ ಹುಡುಗಿಯನ್ನು ದೂರುವುದು ಸುಲಭ. ಅವಳ ಸುತ್ತಲಿದ್ದ ಮುಳ್ಳನ್ನು ಯಾರು ಲೆಕ್ಕ ಹಾಕಿದರು? 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಚಿನ್ನಮ್ಮನಿಗೆ ಸುರಗಿ ಎಂದು ಎಲ್ಲರೂ ಒಂದೇ ಮಾತಿನಲ್ಲಿ ಒಪ್ಪಿದೆವು. ಒಣಗಿದ ಮೇಲೂ ಪರಿಮಳ ಬಿಡದ ಕಾಡುಹೂ ಅದು. ಒಲ್ಲದ ಮದುವೆಯನ್ನು ತೊರೆದು ರಾತ್ರಿಯಲ್ಲಿ ಕಾಡುಹಾದಿ ಹಿಡಿದವಳು ಚಿನ್ನಮ್ಮ.

ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ, ಗಿರೀಶ ಕಾರ್ನಾಡರು ೧೯೯೨ರಲ್ಲಿ 'ಚೆಲುವಿ' ಎಂಬ ಚಿತ್ರವಾಗಿಸಿದ ಜನಪದ ಕಥೆಯನ್ನು ಓದುಗರು ಬಲ್ಲರು. ಬಡತಾಯಿಗೆ ನೆರವಾಗಲೆಂದು ಹೂಮರವಾಗುವ ಹುಡುಗಿಯ ಕಥೆ ಅದು. ಹೂವನ್ನು ಮೆಲ್ಲಗೆ ಬಿಡಿಸಬೇಕು, ಕೊಂಬೆ ಮುರಿಯಬಾರದು. ಅರಮನೆಗೆ ಸೊಸೆಯಾಗಿ ಹೋದ ಮೇಲೆ ನಾದಿನಿ ಮತ್ತು ಅವಳ ಗೆಳತಿಯರು ಮೋಜಿಗಾಗಿ ಕೊಂಬೆಗಳನ್ನು ಮುರಿದುಹಾಕಿ ಹೊರಟುಹೋಗುತ್ತಾರೆ. ಕಥೆ ಹೂವಿನ ಹೆಸರು ಹೇಳದು. ನಾನು ಮಲ್ಲಿಗೆಯೆಣ್ಣೆಯನ್ನು ಕೊಟ್ಟೆ. ಹಿಂದೆ ಎಳ್ಳಿನ ಮೇಲೆ ಮಲ್ಲಿಗೆ ಹರಡಿ, ಬಾಡಿದ್ದನ್ನು ತೆಗೆದು ಹೊಸದು ಹಾಕಿ, ಎಳ್ಳು ಪರಿಮಳ ಹೀರಿದ ಮೇಲೆ ಗಾಣಕ್ಕೆ ಕೊಡುತ್ತಿದ್ದರು. ಬಿಡಿಸಿದ ಮೇಲೂ ಮಲ್ಲಿಗೆ ಬಹಳ ಹೊತ್ತು ಪರಿಮಳ ಸೂಸುತ್ತಿರುವುದರಿಂದಲೇ ಇದು ಸಾಧ್ಯ. ಸೊಸೆಯಂದಿರನ್ನು ತಂದುಕೊಂಡ ಮನೆಯವರು ಈ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಕೇಳಬೇಕೆಂದು ನನ್ನ ಅಭಿಪ್ರಾಯ.

"ಈಗ ಫಣಿಯಮ್ಮ" ಎಂದಳು ಹುಡುಗಿ.

ಎಲ್ಲರೂ ಸುಮ್ಮನಾದೆವು. ಎಂ. ಕೆ. ಇಂದಿರಾ ಅವರ ಆ ಕಾದಂಬರಿಯನ್ನೂ ಪ್ರೇಮಾ ಕಾರಂತರ ಚಿತ್ರವನ್ನೂ ನೋಡಿದವರಿಗೆ ಕಾರಣ ಗೊತ್ತು. ಮದುವೆಯ ಅರ್ಥ ತಿಳಿಯುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ದೀರ್ಘಾಯುಷ್ಯವನ್ನೆಲ್ಲ ಹಾಗೆಯೇ ಸವೆಸಿದವಳು. ಹೂವು, ಅರಿಶಿನ, ಸುಗಂಧಗಳೆಲ್ಲ ಅವಳಿಗೆ ನಿಷಿದ್ಧ. ಯಾವ ಪರಿಮಳವನ್ನು ಹೇಳಿದರೂ ಅದು ಅವಳಿಂದ ಕಿತ್ತುಕೊಂಡದ್ದೇ ಆಗಿತ್ತು. ಅವರು ಬೇರೆ ಸಮಾಜದವರು ಎಂದು ನಾವು ಪಾರಾಗುವಂತಿಲ್ಲ. ತಲೆ ಬೋಳಿಸುವ ಪದ್ಧತಿ ನಮ್ಮಲ್ಲಿಲ್ಲ ಎನ್ನುತ್ತೇವೆ, ಬಸವಾದಿ ಶರಣರ ಹೆಸರು ಹೇಳುತ್ತೇವೆ. ಆದರೆ ಗೃಹಪ್ರವೇಶದ ದಿನ ಹೂವಿನ ತಟ್ಟೆ ಹಿಡಿದ ನಮ್ಮ ಕೈ ಕೆಲವರ ಮುಂದೆ ನಿಲ್ಲದೆ ಮುಂದಕ್ಕೆ ಸರಿಯುತ್ತದೆ. ನನ್ನ ಕೈಯೂ ಸರಿದಿದೆ.

ದೊಡ್ಡಮ್ಮನೇ ಮಾತಾಡಿದರು. "ಆಯಮ್ಮ ಯಾರದೋ ಹೆರಿಗೆ ಮಾಡಿಸಿದ್ಲು ಅಲ್ವೇನೆ?"

"ಹೌದು ಅಜ್ಜಿ. ಮಗು ಹೊರಬರದೆ ಕಷ್ಟವಾದಾಗ ಅವಳೇ ನೆರವಾಗ್ತಾಳೆ."

"ಹಂಗಾದ್ರೆ ಆಗತಾನೆ ಹುಟ್ಟಿದ ಕೂಸಿನ ನೆತ್ತಿ ವಾಸನೆ ಬರೆದುಕೊ. ಅದನ್ನ ಯಾರೂ ಬೇಡ ಅನ್ನಕ್ಕಾಗಲ್ಲ."

ನನ್ನನ್ನೂ ನನ್ನ ತಮ್ಮನನ್ನೂ ಮಣೆಯ ಮೇಲೆ ಮಲಗಿಸಿ ನೀರೆರೆದವರು ಇದೇ ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ತೀರಿಕೊಂಡಾಗ ಅವರಿಗಿನ್ನೂ ಇಪ್ಪತ್ತಾರು.

ಹುಡುಗಿ ತನ್ನ ಜಡೆಯಿಂದ ಮಲ್ಲಿಗೆ ಬಿಚ್ಚಿ, ದಾರವನ್ನು ಹಲ್ಲಿನಿಂದ ಕಡಿದು, ಒಂದು ಗೇಣು ಹೂವನ್ನು ಅಜ್ಜಿಯ ಮುಂದೆ ಹಿಡಿದಳು. ದೊಡ್ಡಮ್ಮ ಒಮ್ಮೆ ನನ್ನ ಮುಖ ನೋಡಿದರು. "ಮುಡ್ಕೊಳ್ಳಿ ದೊಡ್ಡಮ್ಮ" ಎಂದೆ. ಅವರು ಮುಡಿಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹೂವನ್ನು ಮೂಸಿ ನೋಡಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ಮದ್ದೂರಿನಲ್ಲಿ ಬಸ್ಸು ಹತ್ತಿ ಮನೆ ಸೇರುವವರೆಗೂ ಅವರ ಕೈ ಆ ಗಂಟಿನ ಮೇಲೆಯೇ ಇತ್ತು.